ದೀರ್ಘಕಾಲದ ನೋವೂ ದುಡಿಯಲಾರದ ದೇಹವೂ



38 ವರ್ಷಗಳಿಂದ ರೋಗಿಯಾಗಿದ್ದು, ಬೆತ್ಸಥ ಕೊಳದ ಬಳಿ ಮಲಗಿದ್ದವನೊಬ್ಬನ ವೃತ್ತಾಂತವನ್ನು ಸಂತ ಯೊವಾನ್ನರು ಬರೆದಿದ್ದಾರೆ. ಗುಣಹೊಂದುವ ಇಚ್ಛೆಯುಂಟೇ ಎಂದು ಪ್ರಭು ವಿಚಾರಿಸಿದಾಗ ಅವನು ತನ್ನ ದೇಹದ ದೂರನ್ನು ಹೇಳಲಿಲ್ಲ; ತನ್ನನ್ನು ನೀರಿಗಿಳಿಸುವವರು ಯಾರೂ ಇಲ್ಲವೆಂದನು. ದೀರ್ಘಕಾಲದ ನೋವನ್ನು ಕುರಿತು ನಾವು ಹೇಳಬೇಕಾದುದರ ಬಹುಪಾಲು ಆ ಉತ್ತರದಲ್ಲಿಯೇ ಇದೆ.

ಗಬ್ಬೂರು ಸೀಮೆಯಲ್ಲಿ ನೋವಿನ ಶಾರೀರಿಕ ಕಾರಣಗಳಿಗೆ ಕೊರತೆಯಿಲ್ಲ. ಹತ್ತಿ ಬಿಡಿಸುವುದು, ನಾರಾಯಣಪುರ ಬಲದಂಡೆ ಕಾಲುವೆಯ ನೀರು ಬಂದ ಮೇಲೆ ಹೆಚ್ಚಿದ ಭತ್ತದ ನಾಟಿ, ಗುಳೆ ಹೋದಲ್ಲಿ ಇಟ್ಟಿಗೆ ಹೊರುವುದು, ಎಲ್ಲವೂ ನಡುವಿಗೆ ಭಾರವಾದ ದುಡಿಮೆಗಳೇ. ಇದರ ಮೇಲೆ, ರಾಯಚೂರು ಜಿಲ್ಲೆಯ ಹಲವು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಂಶ ಮಿತಿಮೀರಿದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಮಕ್ಕಳ ಹಲ್ಲನ್ನು ಕೆಡಿಸುತ್ತದೆ; ಪ್ರಮಾಣ ಇನ್ನೂ ಹೆಚ್ಚಿದ್ದು ವರ್ಷಗಟ್ಟಲೆ ಕುಡಿದರೆ ಕೀಲುಗಳೂ ಬೆನ್ನೆಲುಬೂ ಬಿಗಿಯುತ್ತವೆ. ಅಂತಹ ನೋವಿಗೆ ಮೊದಲ ಔಷಧ ಶುದ್ಧವಾದ ನೀರು. ಪ್ರಾರ್ಥನೆಯೊಂದೇ ಸಾಲದೆಂದು ಇಲ್ಲಿ ನಿಂತು ಹೇಳಲು ನಾವು ಸಂಕೋಚಪಡುವುದಿಲ್ಲ.

ಆದರೆ ಒಂದೇ ಬಗೆಯ ಬೆನ್ನುನೋವುಳ್ಳ ಇಬ್ಬರಲ್ಲಿ ಒಬ್ಬಾಕೆ ಹೊಲಕ್ಕೆ ಹೋಗುತ್ತಾಳೆ, ಇನ್ನೊಬ್ಬಾಕೆ ಹಾಸಿಗೆ ಹಿಡಿಯುತ್ತಾಳೆ. ಏಕೆ? ನೋವಿನ ಸಂದೇಶವು ಬೆನ್ನುಹುರಿಯಲ್ಲಿ ಒಂದು ಬಾಗಿಲನ್ನು ದಾಟಬೇಕು, ಮಿದುಳು ಆ ಬಾಗಿಲನ್ನು ಹಿಗ್ಗಿಸಲೂ ಕುಗ್ಗಿಸಲೂ ಬಲ್ಲದು ಎಂದು 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಎಂಬ ವಿಜ್ಞಾನಿಗಳು ಪ್ರತಿಪಾದಿಸಿದರು. ವಿವರಗಳು ಬಳಿಕ ತಿದ್ದಲ್ಪಟ್ಟರೂ ತಿರುಳು ಉಳಿದಿದೆ. ಭಯ, ದುಃಖ, ಸಾಲದ ಚಿಂತೆ, ನಿದ್ರೆಗೇಡು ಇವು ಆ ಬಾಗಿಲನ್ನು ತೆರೆದೇ ಇಡುತ್ತವೆ. ಬಗ್ಗಿದರೆ ಎಲುಬು ಮುರಿದೀತೆಂದು ಅಂಜಿ ಮಲಗಿದವಳ ಸ್ನಾಯುಗಳು ಸೊರಗುತ್ತವೆ, ಸೊರಗಿದ ದೇಹ ಅಲ್ಪ ಶ್ರಮಕ್ಕೂ ನೋಯುತ್ತದೆ, ಅಂಜಿಕೆ ಇಮ್ಮಡಿಯಾಗುತ್ತದೆ. ಮೊದಲಿನ ಗಾಯ ಮಾಸಿದ ಮೇಲೂ ನೋವು ಉಳಿಯುವುದು ಹೀಗೆ. ‘ಎಲ್ಲಾ ಮನಸ್ಸಿನದು’ ಎಂದು ಅವಳನ್ನು ಹೀಯಾಳಿಸುವುದು ಅಜ್ಞಾನ, ಕ್ರೌರ್ಯವೂ ಹೌದು.

ಕಾಲಿನ ಬಲ ಕುಂದಿದರೆ, ಮಲಮೂತ್ರದ ಹಿಡಿತ ತಪ್ಪಿದರೆ, ಜ್ವರವೂ ಜೊತೆಗಿದ್ದರೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಉಳಿದವರಿಗೆ, ವೈದ್ಯರ ಪರೀಕ್ಷೆಯಾದ ಬಳಿಕ, ದಿನದಿನಕ್ಕೆ ತುಸುವೇ ಹೆಚ್ಚಿಸುವ ನಡಿಗೆ ಮತ್ತು ಮನೆಗೆಲಸ ಒಳ್ಳೆಯ ಚಿಕಿತ್ಸೆ. ಅಂಗಡಿಯ ನೋವಿನ ಗುಳಿಗೆಯನ್ನು ತಿಂಗಳುಗಟ್ಟಲೆ ನುಂಗುವುದು ಹೊಟ್ಟೆಗೂ ಮೂತ್ರಪಿಂಡಕ್ಕೂ ಕೇಡು.

‘ಶಿಲುಬೆಯೆಂದು ಹೊತ್ತುಕೊಳ್ಳಮ್ಮ’ ಎನ್ನುವುದು ನಮಗೆ ಬಲು ಸುಲಭ. ಸಂತ ಎರಡನೆಯ ಜಾನ್ ಪಾಲ್ ಜಗದ್ಗುರುಗಳು 1984ರಲ್ಲಿ ಯಾತನೆಯನ್ನು ಕುರಿತು ಬರೆದ ಪತ್ರದಲ್ಲಿ ದಯಾಳು ಸಮಾರಿಯನಿಗೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟರು. ಹಾಸಿಗೆ ಹಿಡಿದವರ ಮನೆಗೆ ಪರಮಪ್ರಸಾದವನ್ನು ಕೊಂಡೊಯ್ಯುವುದು ಸರಿಯೇ. ಅವರು ದೇವಾಲಯಕ್ಕೆ ನಡೆದುಬರಲು ಮನಸ್ಸು ಮಾಡಿದಂದು ಜೊತೆಗೆ ನಡೆಯುವವರೂ ಬೇಕು, ಕಡೆಯ ಸಾಲಿನಲ್ಲಿ ಅವರಿಗೊಂದು ಕುರ್ಚಿಯೂ ಬೇಕು. ಮೊಣಕಾಲೂರಲಾರದವರು ಕುಳಿತೇ ಪೂಜೆಯಲ್ಲಿ ಭಾಗವಹಿಸಲಿ. ಯಾರೂ ತಿರುಗಿ ನೋಡದಿರಲಿ.