ಇಲ್ಲದ ಗಾಜು ಕಂಡವರು

ಆಟದ ಬಯಲಲ್ಲಿ ಪುಟ್ಟ ಹುಡುಗನೊಬ್ಬ ಬಿದ್ದು ಅಳುತ್ತಿದ್ದಾನೆ. ಮೇಷ್ಟ್ರು ಓಡಿ ಬಂದು ಕೇಳುತ್ತಾರೆ: "ರವಿ ಇವನನ್ನು ಎಷ್ಟು ಜೋರಾಗಿ ದಬ್ಬಿದ?" ಅದರ ಬದಲು "ರವಿಯ ಕೈ ಇವನಿಗೆ ತಾಗಿತಾ?" ಎಂದು ಕೇಳಿದ್ದರೆ? ನೀನು ನೋಡಿದ್ದು ಒಂದೇ ಘಟನೆ. ಆದರೂ 'ದಬ್ಬಿದ' ಎಂಬ ಮಾತು ಕಿವಿಗೆ ಬಿದ್ದೊಡನೆ ನಿನ್ನ ಮನಸ್ಸಿನಲ್ಲಿರುವ ರವಿ ಒರಟನಾಗಿಬಿಡುತ್ತಾನೆ, ಅಲ್ಲವೇ?

ಅಮೆರಿಕದ ಮನೋವಿಜ್ಞಾನಿಗಳಾದ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಇಂಥದ್ದನ್ನೇ ಪರೀಕ್ಷಿಸಿ 1974ರಲ್ಲಿ ಪ್ರಕಟಿಸಿದರು. 45 ವಿದ್ಯಾರ್ಥಿಗಳಿಗೆ ಕಾರು ಅಪಘಾತದ ತುಣುಕು ಚಿತ್ರಗಳನ್ನು ತೋರಿಸಿ, ಕಾರುಗಳ ವೇಗ ಎಷ್ಟಿತ್ತು ಎಂದು ಕೇಳಿದರು. ಪ್ರಶ್ನೆಯಲ್ಲಿ ಒಂದು ಪದ ಮಾತ್ರ ಬೇರೆ ಬೇರೆ. ನಮ್ಮ ಮಾತಿನಲ್ಲಿ ಹೇಳುವುದಾದರೆ, ಕೆಲವರಿಗೆ ಕಾರುಗಳು 'ತಾಗಿದಾಗ', ಕೆಲವರಿಗೆ 'ಗುದ್ದಿದಾಗ', ಇನ್ನು ಕೆಲವರಿಗೆ 'ಅಪ್ಪಳಿಸಿದಾಗ'. 'ತಾಗಿದಾಗ' ಎಂದು ಕೇಳಿಸಿಕೊಂಡವರು ಹೇಳಿದ ವೇಗ ಸರಾಸರಿ ಗಂಟೆಗೆ 31.8 ಮೈಲಿ. 'ಅಪ್ಪಳಿಸಿದಾಗ' ಎಂದು ಕೇಳಿಸಿಕೊಂಡವರದು 40.5 ಮೈಲಿ. ಒಂದು ಪದಕ್ಕೆ ಸುಮಾರು 9 ಮೈಲಿ ಏರಿತು!

ಬರೀ ಊಹೆ ತಪ್ಪಿತೇ, ನೆನಪೇ ಬದಲಾಯಿತೇ? ನನಗೆ ಅವರ ಎರಡನೆಯ ಪ್ರಯೋಗ ಇನ್ನೂ ಇಷ್ಟ. ಈ ಸಲ 150 ಮಂದಿ. ಅಪಘಾತದ ಚಿತ್ರ ತೋರಿಸಿ, 50 ಮಂದಿಗೆ 'ಅಪ್ಪಳಿಸಿದಾಗ' ಎಂದು, 50 ಮಂದಿಗೆ 'ಗುದ್ದಿದಾಗ' ಎಂದು ವೇಗ ಕೇಳಿದರು. ಉಳಿದ 50 ಮಂದಿಯನ್ನು ವೇಗದ ಬಗ್ಗೆ ಕೇಳಲೇ ಇಲ್ಲ. ಒಂದು ವಾರ ಕಳೆದ ಮೇಲೆ ಎಲ್ಲರನ್ನೂ ಕರೆದು, "ಒಡೆದ ಗಾಜು ಕಂಡಿತಾ?" ಎಂದರು.

ಚಿತ್ರದಲ್ಲಿ ಒಡೆದ ಗಾಜು ಇರಲೇ ಇಲ್ಲ. ಹೆಚ್ಚಿನವರು "ಇಲ್ಲ" ಎಂದು ಸರಿಯಾಗಿಯೇ ಹೇಳಿದರು. ಆದರೆ 'ಅಪ್ಪಳಿಸಿದಾಗ' ಗುಂಪಿನಲ್ಲಿ 16 ಮಂದಿ "ಹೌದು" ಎಂದರು. 'ಗುದ್ದಿದಾಗ' ಗುಂಪಿನಲ್ಲಿ 7, ವೇಗ ಕೇಳದವರಲ್ಲಿ 6.

ಆ 16 ಮಂದಿ ಸುಳ್ಳುಗಾರರಲ್ಲ ಮಕ್ಕಳೇ. ನೆನಪು ಎಂದರೆ ಆಲ್ಬಂನಲ್ಲಿಟ್ಟ ಫೋಟೋ ಅಲ್ಲ. ನೆನಪಿಸಿಕೊಳ್ಳುವಾಗಲೆಲ್ಲ ಮಿದುಳು ಅದನ್ನು ಹೊಸದಾಗಿ ಕಟ್ಟುತ್ತದೆ. ಆಮೇಲೆ ಕೇಳಿದ ಮಾತೂ ಅದರೊಳಗೆ ಬೆರೆಯುತ್ತದೆ, ರೊಟ್ಟಿಯ ಹಿಟ್ಟಿಗೆ ಬಿದ್ದ ಉಪ್ಪಿನ ಹಾಗೆ. ಕಲಸಿದ ಮೇಲೆ ಉಪ್ಪು ಯಾವುದು, ಹಿಟ್ಟು ಯಾವುದು ಎಂದು ಆರಿಸುವವರು ಯಾರು?

ಇನ್ನೊಮ್ಮೆ ಶಾಲೆಯಲ್ಲಿ ಜಗಳವಾದಾಗ, ನೋಡಿದವರನ್ನು "ಯಾರು ಹೊಡೆದರು?" ಎಂದು ಕೇಳಬೇಡಿ. "ಏನಾಯಿತು, ಹೇಳು" ಎನ್ನಿ. ಅವರು ಹೇಳಿ ಮುಗಿಸುವ ತನಕ ನಡುವೆ ಒಂದು ಮಾತೂ ಸೇರಿಸಬೇಡಿ.