ಊರು ಬಳಸಿ ಬಿಟ್ಟ ನೀರು



ನಗರಗಳ ಬೆಳವಣಿಗೆ ಕುರಿತ ಈ ಸಮ್ಮೇಳನದ ಅಧ್ಯಕ್ಷತೆಯನ್ನು ನೀರು, ಒಳಚರಂಡಿಯ ಕೆಲಸದಲ್ಲೇ ಆಯುಷ್ಯ ಕಳೆದವನಿಗೆ ಕೊಟ್ಟಿದ್ದೀರಿ. ಮೆಟ್ರೊ, ಮೇಲ್ಸೇತುವೆ, ವಸತಿ ಸಮುಚ್ಚಯಗಳ ಬಗ್ಗೆ ಬಲ್ಲವರು ಎರಡು ದಿನ ಮಾತಾಡಲಿದ್ದಾರೆ. ನಾನು ನೆಲದ ಕೆಳಗಿನ ವಿಷಯವನ್ನೇ ಎತ್ತಿಕೊಳ್ಳುತ್ತೇನೆ. ಹೆಚ್ಚು ಹಣವಿಲ್ಲದ, ಆದರೆ ಓಡೋಡಿ ಬೆಳೆಯುತ್ತಿರುವ ನಮ್ಮಂಥ ದೇಶಗಳ ನಗರಗಳು ತಾವು ಬಳಸಿ ಬಿಟ್ಟ ನೀರನ್ನು ಏನು ಮಾಡುತ್ತವೆ ಎಂಬುದರ ಮೇಲೆಯೇ ಅವುಗಳ ಮುಂದಿನ ಬಾಳುವೆ ನಿಂತಿದೆ ಎಂದು ನಾನು ನಂಬಿದ್ದೇನೆ. ನೀರು ಎಲ್ಲಿಂದ ತರಬೇಕೆಂದು ನೂರು ವರ್ಷದಿಂದ ಕೇಳಿಕೊಂಡು ಬಂದಿದ್ದೇವೆ. ಅದು ಎಲ್ಲಿಗೆ ಹೋಗುತ್ತದೆ ಎಂದು ಅಷ್ಟೇ ಕಾಳಜಿಯಿಂದ ಕೇಳಲಿಲ್ಲ.

ಜಗತ್ತಿನ ಜನರಲ್ಲಿ ನೂರಕ್ಕೆ 55 ಮಂದಿ ನಗರವಾಸಿಗಳು, 2050ರ ಹೊತ್ತಿಗೆ ಅದು 68 ಆಗುತ್ತದೆ ಎಂದು 2018ರಲ್ಲಿ ವಿಶ್ವಸಂಸ್ಥೆ ಅಂದಾಜು ಮಾಡಿತು. ಈ ಹೆಚ್ಚಳದ ಬಹುಪಾಲು ಏಷ್ಯಾ, ಆಫ್ರಿಕಾಗಳದ್ದು. ನಮ್ಮ 2011ರ ಜನಗಣತಿಯ ಇನ್ನೊಂದು ಅಂಕಿ ನನ್ನನ್ನು ಇದಕ್ಕಿಂತ ಹೆಚ್ಚು ಕಾಡುತ್ತದೆ. 2001ರಲ್ಲಿ ದೇಶದಲ್ಲಿ 1,362 ಇದ್ದ 'ಜನಗಣತಿ ಪಟ್ಟಣ'ಗಳು ಹತ್ತೇ ವರ್ಷದಲ್ಲಿ 3,894 ಆದವು. ಜನಸಂಖ್ಯೆ, ಸಾಂದ್ರತೆ, ಜನರ ಕಸುಬು ಎಲ್ಲದರಲ್ಲೂ ಇವು ಪಟ್ಟಣಗಳೇ. ಆಡಳಿತ ಮಾತ್ರ ಗ್ರಾಮ ಪಂಚಾಯಿತಿಯದು. ಮೂರು ಮಹಡಿಯ ಮನೆಗಳೆದ್ದಿವೆ, ಪ್ರತಿ ಮನೆಗೂ ಬೋರ್‌ವೆಲ್ಲೋ ಟ್ಯಾಂಕರೋ ಇದೆ. ಯುಜಿಡಿ, ಅಂದರೆ ಒಳಚರಂಡಿ ಜಾಲ, ಹಾಕಲು ಹಣವಿಲ್ಲ, ಅದನ್ನು ನೋಡಿಕೊಳ್ಳಲು ಎಂಜಿನಿಯರ್ ಇಲ್ಲ. ಮುಂದಿನ ಬೆಂಗಳೂರುಗಳು ಹುಟ್ಟುತ್ತಿರುವುದು ಇಲ್ಲಿಯೇ.

ಹಾಗಾಗಿ ಬೆಂಗಳೂರು ನಡೆದು ಬಂದ ದಾರಿಯನ್ನು ನೋಡಬೇಕು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲಿನ ಊರು ಅದು, ಪಕ್ಕದಲ್ಲಿ ತುಂಬಿ ಹರಿಯುವ ನದಿಯಿಲ್ಲ. ಬಿದ್ದ ಮಳೆ ಪಡುವಣಕ್ಕೆ ವೃಷಭಾವತಿಯಾಗಿ ಅರ್ಕಾವತಿಯನ್ನೂ, ಮೂಡಣಕ್ಕೆ ಕೋರಮಂಗಲ–ಚಲ್ಲಘಟ್ಟ ಮತ್ತು ಹೆಬ್ಬಾಳ ಕಣಿವೆಗಳ ಮೂಲಕ ದಕ್ಷಿಣ ಪಿನಾಕಿನಿಯನ್ನೂ ಸೇರುತ್ತದೆ. ಹಿಂದಿನವರು ಈ ಇಳಿಜಾರನ್ನು ಅರಿತು ಕೆರೆಯ ಕೆಳಗೆ ಕೆರೆ ಕಟ್ಟಿದರು. ಒಂದರ ಕೋಡಿ ಬಿದ್ದರೆ ನೀರು ರಾಜಕಾಲುವೆ ಹಿಡಿದು ಇನ್ನೊಂದಕ್ಕೆ ಇಳಿಯುತ್ತಿತ್ತು. 1890ರ ದಶಕದಲ್ಲಿ ದಿವಾನ್ ಶೇಷಾದ್ರಿ ಅಯ್ಯರ್ ಕಾಲಕ್ಕೆ ಹೆಸರಘಟ್ಟದಿಂದ ಕೊಳವೆ ನೀರು ಬಂತು. 1933ರಲ್ಲಿ ಅರ್ಕಾವತಿಯ ತಿಪ್ಪಗೊಂಡನಹಳ್ಳಿ ಜಲಾಶಯದಿಂದ, 1974ರಲ್ಲಿ ಕಾವೇರಿಯಿಂದ. ನಲ್ಲಿಯಲ್ಲಿ ನೀರು ಬಂದ ಮೇಲೆ ಕೆರೆ ಯಾಕೆ ಬೇಕು ಅನ್ನಿಸಿತು. ಧರ್ಮಾಂಬುಧಿ ಕೆರೆ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕ್ರೀಡಾಂಗಣವಾಯಿತು. ಅರ್ಕಾವತಿಯ ಜಲಾನಯನದಲ್ಲಿ ಬಡಾವಣೆಗಳೂ ಕಾರ್ಖಾನೆಗಳೂ ಎದ್ದು, ತಿಪ್ಪಗೊಂಡನಹಳ್ಳಿಯ ನೀರೂ ಕುಡಿಯಲು ಬಾರದಂತಾಯಿತು.

ಈಗ ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದ ತೊರೆಕಾಡನಹಳ್ಳಿಯಿಂದ ಮೂರು ಹಂತದ ಪಂಪಿಂಗ್‌ನಲ್ಲಿ ಸುಮಾರು 500 ಮೀಟರ್ ಮೇಲೇರಿ ಬರುತ್ತದೆ. ಜಲಮಂಡಳಿಯ ಖರ್ಚಿನ ದೊಡ್ಡ ಪಾಲು ವಿದ್ಯುತ್ ಬಿಲ್ಲಿಗೇ ಹೋಗುತ್ತದೆ. 2024ರ ಅಕ್ಟೋಬರ್‌ನಲ್ಲಿ ಕಾವೇರಿ ಯೋಜನೆಯ ಐದನೇ ಹಂತ ಆರಂಭವಾಗಿ, ದಿನಕ್ಕೆ 775 ದಶಲಕ್ಷ ಲೀಟರ್ ಹೆಚ್ಚುವರಿ ನೀರು ತರುವ ಸಾಮರ್ಥ್ಯ ನಗರಕ್ಕೆ ಸಿಕ್ಕಿತು. ಆ ನೀರು ಮುಖ್ಯವಾಗಿ 2007ರಲ್ಲೇ ಪಾಲಿಕೆಗೆ ಸೇರಿದ 110 ಹಳ್ಳಿಗಳಿಗಾಗಿ. 2024ರ ಬೇಸಿಗೆಯಲ್ಲಿ ಸರ್ಕಾರಿ ಬೋರ್‌ವೆಲ್‌ಗಳಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಬತ್ತಿ, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಹಾಕಿದ್ದನ್ನು ನೀವು ಮರೆತಿರಲಾರಿರಿ. ಐದನೇ ಹಂತ ಬೇಕಿತ್ತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಮನೆಗೆ ಬಂದ ನೀರಿನಲ್ಲಿ ನೂರಕ್ಕೆ ಎಂಬತ್ತರಷ್ಟು ಕೊಳಚೆಯಾಗಿ ಹೊರಬೀಳುತ್ತದೆ ಎಂಬುದು ನಾವು ಎಂಜಿನಿಯರುಗಳು ದಿನವೂ ಹಾಕುವ ಲೆಕ್ಕ. ಹೊಸ ನೀರು ತಂದ ದಿನವೇ ಹೆಚ್ಚುಕಡಿಮೆ ಅಷ್ಟೇ ಹೊಸ ಕೊಳಚೆಯನ್ನೂ ತಂದಂತಾಯಿತು. ಅದಕ್ಕೆ ಪೈಪು, ಕೊಳಚೆ ಶುದ್ಧೀಕರಣ ಘಟಕ (ಎಸ್‌ಟಿಪಿ) ಮೊದಲೇ ಸಿದ್ಧವಿರದಿದ್ದರೆ ಅದು ಹುಡುಕಿಕೊಳ್ಳುವುದು ರಾಜಕಾಲುವೆಯನ್ನೇ. ಬೆಳ್ಳಂದೂರು ಕೆರೆಯ ನೊರೆ 2015ರಲ್ಲಿ ಹೊತ್ತಿ ಉರಿಯಿತು, 2018ರ ಜನವರಿಯಲ್ಲಿ ಕೆರೆಯಂಗಳದ ಬೆಂಕಿ ಆರಿಸಲು ಸೈನಿಕರು ಇಳಿಯಬೇಕಾಯಿತು. ವೃಷಭಾವತಿಯ ನೀರು ತುಂಬುವ ಬೈರಮಂಗಲ ಕೆರೆಯ ಕೆಳಗಿನ ರೈತರು ಭತ್ತ ಬಿಟ್ಟು ಹುಲ್ಲು, ಬೇಬಿಕಾರ್ನ್ ಬೆಳೆಯುವಂತಾಯಿತು. ಆ ರೈತರು ಬೆಂಗಳೂರಿನ ಮತದಾರರಲ್ಲ, ತೆರಿಗೆದಾರರೂ ಅಲ್ಲ. ನಗರದ ಯಾವ ಸಭೆಯಲ್ಲೂ ಅವರಿಗೆ ಕುರ್ಚಿ ಇಲ್ಲ.

ಕೋಲಾರದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಸಾವಿರಾರು ಕೆರೆ ಕಟ್ಟಿದ, ನೀರುಗಂಟಿಗಳು ತೂಬು ಎತ್ತಿ ಗದ್ದೆಗದ್ದೆಗೆ ಲೆಕ್ಕದಲ್ಲಿ ನೀರು ಬಿಡುತ್ತಿದ್ದ ಸೀಮೆ ಅದು. ಅಲ್ಲಿ ಬೋರ್‌ವೆಲ್‌ಗಳು ಸಾವಿರ ಅಡಿ ದಾಟಿ, ಬಂದ ನೀರಿನಲ್ಲೂ ಫ್ಲೋರೈಡ್ ತುಂಬಿತ್ತು. ಬೆಂಗಳೂರಿನ ಕೊಳಚೆಯನ್ನು ಎರಡನೇ ಹಂತದವರೆಗೆ ಶುದ್ಧೀಕರಿಸಿ, ದಿನಕ್ಕೆ 440 ದಶಲಕ್ಷ ಲೀಟರಿನಂತೆ 126 ಕೆರೆಗಳಿಗೆ ತುಂಬಿಸುವ ಕೆ.ಸಿ. ವ್ಯಾಲಿ (ಕೋರಮಂಗಲ–ಚಲ್ಲಘಟ್ಟ ಕಣಿವೆ) ಯೋಜನೆಯ ನೀರು 2018ರಲ್ಲಿ ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತು. ವರ್ಷಗಟ್ಟಲೆ ಒಣಗಿದ್ದ ಕೆರೆ ತುಂಬಿದಾಗ ಜನ ಪೂಜೆ ಮಾಡಿದರು. ಕೆಲವೇ ವಾರಗಳಲ್ಲಿ ನೊರೆ ಕಾಣಿಸಿತು, ವಿಷಯ ಹೈಕೋರ್ಟಿಗೆ, ಸುಪ್ರೀಂ ಕೋರ್ಟಿಗೆ ಹೋಯಿತು. ಆಮೇಲೆ ಯೋಜನೆ ಮುಂದುವರಿಯಿತು, ಕೆರೆ ಸುತ್ತಿನ ಬೋರ್‌ವೆಲ್‌ಗಳಲ್ಲಿ ನೀರು ಮೇಲೆದ್ದಿತು.

ಈ ಯೋಜನೆಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ನಗರ ಬಿಟ್ಟ ನೀರು ಬರದ ನಾಡಿಗೆ ಹೋಗಬೇಕು ಎಂಬ ಯೋಚನೆಯೇ ದೊಡ್ಡದು. ಹಾಗೆಯೇ, ಮೂರನೇ ಹಂತದ ಶುದ್ಧೀಕರಣ ಮಾಡಿಯೇ ನೀರು ಬಿಡಿ ಎಂದು ಕೇಳುತ್ತಿರುವ ಕೋಲಾರದ ಹೋರಾಟಗಾರರ ಪರವಾಗಿ ಈ ವೇದಿಕೆಯಿಂದ ಮಾತಾಡುತ್ತೇನೆ. ಕೆರೆಯ ನೀರು ಇಂಗಿ ಬೋರ್‌ವೆಲ್ ಸೇರುತ್ತದೆ, ಬೋರ್‌ವೆಲ್ಲಿನ ನೀರನ್ನು ಅಲ್ಲಿನ ಮಕ್ಕಳು ಕುಡಿಯುತ್ತಾರೆ. ನಮ್ಮ ಮನೆಯ ಮಕ್ಕಳಿಗೆ ಒಪ್ಪದ ನೀರನ್ನು ಅವರಿಗೆ ಕೊಟ್ಟು ಇದನ್ನು ಉಪಕಾರ ಎನ್ನಬಾರದು.

ಇಷ್ಟು ಶುದ್ಧೀಕರಣ ಹಣವಂತರ ದೇಶಗಳಿಗೆ ಮಾತ್ರ ಸಾಧ್ಯ ಎನ್ನುವವರಿಗೆ ನಮೀಬಿಯಾದ ರಾಜಧಾನಿ ವಿಂಡ್‌ಹುಕ್ ಹೆಸರು ಹೇಳುತ್ತೇನೆ. ಮರುಭೂಮಿಯ ಅಂಚಿನ ಆ ಊರು 1968ರಿಂದ ತನ್ನ ಕೊಳಚೆಯನ್ನೇ ಶುದ್ಧೀಕರಿಸಿ ಕುಡಿಯುವ ನೀರಿಗೆ ಸೇರಿಸುತ್ತಿದೆ. ಅಲ್ಲಿನವರು ಕಾರ್ಖಾನೆಗಳ ನೀರನ್ನು ಮನೆಗಳ ಕೊಳಚೆಯೊಂದಿಗೆ ಬೆರೆಯಲು ಬಿಡದೆ ಬೇರೆಯೇ ದಾರಿ ಮಾಡಿದರು. ಯಂತ್ರಕ್ಕಿಂತ ಈ ಶಿಸ್ತು ಮುಖ್ಯ. ನಮ್ಮಲ್ಲಿ ಬಣ್ಣದ ಕಾರ್ಖಾನೆಯ ನೀರೂ ಅಡುಗೆಮನೆಯ ನೀರೂ ಒಂದೇ ಮ್ಯಾನ್‌ಹೋಲಿಗೆ ಬೀಳುತ್ತಿರುವವರೆಗೆ ಎಷ್ಟು ಎಸ್‌ಟಿಪಿ ಕಟ್ಟಿದರೂ ಕೋಲಾರಕ್ಕೆ ನಿಶ್ಚಿಂತೆಯಿಲ್ಲ.

ಇನ್ನೂ ಹತ್ತಿರದಲ್ಲಿ ಕೊಲ್ಕತ್ತಾ ಇದೆ. ನಗರದ ಪೂರ್ವದ ಸುಮಾರು 12,500 ಹೆಕ್ಟೇರ್ ಜೌಗು ಪ್ರದೇಶದಲ್ಲಿ ಮೀನುಗಾರರು ತಲೆಮಾರುಗಳಿಂದ ಕೊಳಚೆಯನ್ನು ಆಳವಿಲ್ಲದ ಕೊಳಗಳಿಗೆ ಹಾಯಿಸಿ, ಬಿಸಿಲು ಮತ್ತು ಪಾಚಿಯ ಕೈಯಲ್ಲಿ ಶುದ್ಧಿ ಮಾಡಿಸಿ, ಮೀನು, ತರಕಾರಿ ಬೆಳೆದು ನಗರಕ್ಕೇ ಮಾರುತ್ತ ಬಂದಿದ್ದಾರೆ. ಸರ್ಕಾರದ ಎಂಜಿನಿಯರ್ ಧ್ರುವಜ್ಯೋತಿ ಘೋಷ್ ಆ ಮೀನುಗಾರರ ಬಳಿ ಕೂತು ಕಲಿತರು, ಕಲಿತದ್ದನ್ನು ಜಗತ್ತಿಗೆ ತಿಳಿಸಿದರು. 2002ರಲ್ಲಿ ಅದು ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೆಂದು ರಾಮ್‌ಸರ್ ಪಟ್ಟಿಗೆ ಸೇರಿತು. ಕರಾಚಿಯ ಒರಂಗಿಯಲ್ಲಿ 1980ರಿಂದ ಅಖ್ತರ್ ಹಮೀದ್ ಖಾನ್ ಅವರ ಮಾರ್ಗದರ್ಶನದಲ್ಲಿ ಬಡಜನ ಗಲ್ಲಿಗಲ್ಲಿಯಲ್ಲಿ ಒಟ್ಟಾಗಿ, ತಮ್ಮದೇ ದುಡ್ಡಿನಲ್ಲಿ ಗಲ್ಲಿಯ ಒಳಚರಂಡಿ ಹಾಕಿಕೊಂಡರು. ದೊಡ್ಡ ನಾಲೆ, ಶುದ್ಧೀಕರಣ ಸರ್ಕಾರದ ಹೊಣೆ ಎಂದರು. ಆ ಕೆಲಸವನ್ನು ಮುಂದುವರಿಸಿ ನಗರದ ನಾಲೆಗಳನ್ನು ನಕ್ಷೆಗಿಳಿಸಿದ ಪರ್ವೀನ್ ರಹಮಾನ್ ಅವರನ್ನು 2013ರಲ್ಲಿ ಗುಂಡಿಕ್ಕಿ ಕೊಂದರು. ನಾಲೆಯ ನಕ್ಷೆ ಎಂದರೆ ನೆಲದ ಒಡೆತನದ ನಕ್ಷೆಯೂ ಹೌದು. ಒತ್ತುವರಿ ತೆರವಿಗೆ ಹೋದ ನಮ್ಮ ಸರ್ವೇಯರುಗಳಿಗೂ ಅದು ಗೊತ್ತಿದೆ.

ಯುಜಿಡಿ ಇಲ್ಲದ ಸಣ್ಣ ಊರುಗಳು ಅದಕ್ಕಾಗಿ ಕೈಕಟ್ಟಿ ಕಾಯಬೇಕಿಲ್ಲ. ದೇವನಹಳ್ಳಿಯಲ್ಲಿ ಮನೆಗಳ ಪಿಟ್ಟುಗಳಿಂದ ಸಕಿಂಗ್ ಲಾರಿ ಎತ್ತಿ ತಂದ ಮಲವನ್ನು ಶುದ್ಧೀಕರಿಸಿ ಗೊಬ್ಬರ ಮಾಡುವ ಘಟಕವಿದೆ. ದೇಶದಲ್ಲಿ ಇಂಥ ಮೊದಮೊದಲ ಘಟಕಗಳಲ್ಲಿ ಅದೂ ಒಂದು. ಜನಗಣತಿ ಪಟ್ಟಣಗಳ ನಾಲ್ಕಾರು ಪಂಚಾಯಿತಿಗಳು ಸೇರಿ ಒಂದು ಘಟಕ ನಡೆಸಬಹುದು.

ಮ್ಯಾನ್‌ಹೋಲ್ ಎಂದೆ. ಅದರೊಳಗೆ ಇಳಿದು ಸತ್ತವರನ್ನು ನೆನೆಯದೆ ಈ ಸಭೆಯಲ್ಲಿ ಮುಂದೆ ಹೋಗಲಾರೆ. ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ ಈಗಿನ ಕಾಯ್ದೆ 2013ರಲ್ಲಿ ಬಂತು. ಆ ಪದ್ಧತಿಯ ವಿರುದ್ಧದ ಹೋರಾಟಕ್ಕೆ ಜೀವ ತೇಯ್ದ ಬೆಜವಾಡ ವಿಲ್ಸನ್ ಕೋಲಾರದ ಕೆ.ಜಿ.ಎಫ್‌ನವರು. ಸಾವು ಇನ್ನೂ ನಿಂತಿಲ್ಲ, ಸಾಯುವವರ ಜಾತಿಯೂ ಬದಲಾಗಿಲ್ಲ. ಕಾರ್ಮಿಕ ಇಳಿಯಬೇಕಾಗಿ ಬರುವ ಒಳಚರಂಡಿಯ ವಿನ್ಯಾಸಕ್ಕೆ ಸಹಿ ಹಾಕುವ ಎಂಜಿನಿಯರ್ ಆ ಸಾವಿಗೂ ಹೊಣೆಗಾರ ಎಂದು ನನ್ನ ಸಹೋದ್ಯೋಗಿಗಳಿಗೆ ಕೈಮುಗಿದು ಹೇಳುತ್ತೇನೆ.

ಇದಕ್ಕೆಲ್ಲ ಯಾರನ್ನು ಕೇಳುವುದು ಎಂಬ ಪ್ರಶ್ನೆ ಉಳಿಯುತ್ತದೆ. 74ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದು ನಗರಗಳಿಗೆ ಚುನಾಯಿತ ಆಡಳಿತದ ಭರವಸೆ ಕೊಟ್ಟಿತು. ಆದರೂ ಬೆಂಗಳೂರಿನ ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ವರ್ಷಗಳ ಕಾಲ ಅಧಿಕಾರಿಗಳೇ ನಗರ ನಡೆಸಿದರು. ಚರಂಡಿ ಉಕ್ಕಿದರೆ ಮನೆ ಬಾಗಿಲಿಗೆ ಹೋಗಿ ಕೇಳಬಹುದಾದ ವಾರ್ಡ್ ಸದಸ್ಯನಿಲ್ಲದ ನಗರದಲ್ಲಿ ಬಳಸಿದ ನೀರಿಗೆ ವಾರಸುದಾರರಿರುವುದಿಲ್ಲ.

ಆದ್ದರಿಂದ ಸಮ್ಮೇಳನದ ಮುಂದೆ ಒಂದು ನಿರ್ಣಯ ಇಡುತ್ತೇನೆ: ಕೊಳಚೆ ನೀರು ಯಾವ ಪೈಪಿನಲ್ಲಿ ಹೋಗಿ, ಎಲ್ಲಿ ಶುದ್ಧವಾಗಿ, ಯಾರ ಹೊಲ ಅಥವಾ ಕೆರೆ ಸೇರುತ್ತದೆ ಎಂದು ನಕ್ಷೆಯಲ್ಲಿ ತೋರಿಸದ ಯಾವ ಬಡಾವಣೆಗೂ ಅನುಮೋದನೆ ಕೊಡಬಾರದು. ಆ ಕೆಳಗಿನ ಊರಿನ ಪಂಚಾಯಿತಿಯ ಒಪ್ಪಿಗೆಯೂ ಕಡತದಲ್ಲಿರಬೇಕು. ಮಧ್ಯಾಹ್ನದ ಗೋಷ್ಠಿಗೆ ಬರುವ ಪುರಸಭಾ ಸದಸ್ಯರು ತಮ್ಮ ಊರಿನ ಚರಂಡಿಗಳು ಎಲ್ಲಿ ಕೊನೆಯಾಗುತ್ತವೆ ಎಂದು ಒಂದು ಹಾಳೆಯ ಮೇಲೆ ಗೆರೆ ಎಳೆದು ತರಬೇಕೆಂದು ಕೋರುತ್ತೇನೆ. ಚರ್ಚೆಯನ್ನು ಅಲ್ಲಿಂದಲೇ ಶುರು ಮಾಡೋಣ.