ದಾರಿ ತೋರುವ ಪೆಟ್ಟಿಗೆ ಕೊಳ್ಳುವ ಮುನ್ನ

ಜಿಪಿಎಸ್ ಪೆಟ್ಟಿಗೆ ಕೊಳ್ಳಲು ಹೊರಟಿದ್ದೀರಾ? ಪರದೆಯ ಅಗಲಕ್ಕೆ ಮರುಳಾಗಬೇಡಿ. ಸುಮಾರು 20,000 ಕಿ.ಮೀ. ಎತ್ತರದ ಉಪಗ್ರಹಗಳ ಸಂಕೇತ ಪುಕ್ಕಟೆ. ಅದರಲ್ಲಿ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನೂ ಅಮೆರಿಕ 2000ದ ಮೇ ತಿಂಗಳಲ್ಲಿ ನಿಲ್ಲಿಸಿತು. ನೀವು ದುಡ್ಡು ಕೊಡುವುದು ನಕ್ಷೆಗೆ. ಅದು ಪೆಟ್ಟಿಗೆಯೊಳಗೇ ಇದೆಯೇ, ಹೊಸದು ಮಾಡಿಸಲು ಮತ್ತೆ ಹಣ ಕೇಳುತ್ತಾರೆಯೇ, ವಿಚಾರಿಸಿ. ಚಾರ್ಮಾಡಿ ಘಾಟಿಯಲ್ಲಿ ಮೊಬೈಲ್ ಸಿಗ್ನಲ್ ಸತ್ತಾಗ ಇದರ ಬೆಲೆ ಗೊತ್ತಾಗುತ್ತದೆ. (ಫೋನಿಗೇ ನಕ್ಷೆ ಮೊದಲೇ ಇಳಿಸಿಕೊಂಡರೆ ಎಷ್ಟೋ ಮಂದಿಗೆ ಪೆಟ್ಟಿಗೆಯೇ ಬೇಡ, ಅಂಗಡಿಯವನು ಇದನ್ನು ಹೇಳುವುದಿಲ್ಲ!)

ಇನ್ನು ಮಾತು. ಅಂಗಡಿಯಲ್ಲೇ ಕನ್ನಡ ದನಿ ಹಾಕಿಸಿ ಕೇಳಿ. ಬಸವನಗುಡಿ ಎಂದು ಕನ್ನಡದಲ್ಲೇ ಹುಡುಕಿ. ಇಂಗ್ಲಿಷ್ ಬಾರದ ನಮ್ಮ ಚಾಲಕ, ಲಾರಿ ಎದುರು ಬರುವಾಗ ತಿರುವಿನಲ್ಲಿ ಅದರ ಅರ್ಥ ಬಿಡಿಸುತ್ತಾ ಕೂರಬೇಕೇ? ಕನ್ನಡವಿಲ್ಲವೇ, "ಬಂದ ಮೇಲೆ ಹೇಳಿ ಸ್ವಾಮಿ, ಕೊಳ್ಳುತ್ತೇವೆ" ಎಂದು ಹೊರಬನ್ನಿ.